ಸಾಂಧಣ ಕಣಿವೆಗೆ ಇಳಿಯುವ ಮುನ್ನ

ಚಳಿ ಶುರುವಾಯಿತೆಂದರೆ ಪುಣೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಚಿತ್ರ ಸುತ್ತಾಡತೊಡಗುತ್ತದೆ. ಎರಡು ಕಪ್ಪು ಬಂಡೆಗೋಡೆಗಳು, ಮೇಲೆ ಗೆರೆಯಷ್ಟು ಆಕಾಶ, ಕೆಳಗೆ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ನಿಂತ ಜನ. ಜೊತೆಗೆ ಒಂದು ಸಾಲು: ಶುಕ್ರವಾರ ರಾತ್ರಿ ಬಸ್ಸು, ಭಾನುವಾರ ರಾತ್ರಿ ವಾಪಸ್, ಮೊದಲ ಸಲದವರಿಗೂ ಅಡ್ಡಿಯಿಲ್ಲ. ಕೊಂಢವಾದ ನಮ್ಮ ಕಡೆಯ ಸೊಸೈಟಿಗಳಿಂದಲೂ ಪ್ರತಿ ವರ್ಷ ಹತ್ತಾರು ಜನ ಹೋಗಿಬರುತ್ತಾರೆ. ಹೊರಡುವವರು ಸಾಮಾನ್ಯವಾಗಿ ಕೇಳುವುದು ‘ಯಾವ ಬೂಟು ಕೊಳ್ಳಲಿ?’ ಎಂದು. ‘ನನಗೆ ಇಳಿಯಲು ಬರುತ್ತದೆಯೇ?’ ಎಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಯೇ ಮುಖ್ಯ.

ಸಾಂಧಣ ಇರುವುದು ಅಹಿಲ್ಯಾನಗರ ಜಿಲ್ಲೆಯ (2024ರವರೆಗೆ ಅಹ್ಮದನಗರ) ಅಕೋಲೆ ತಾಲೂಕಿನ ಸಾಮ್ರದ್ ಎಂಬ ಪುಟ್ಟ ಹಳ್ಳಿಯ ಪಕ್ಕ, ಕಳಸೂಬಾಯಿ–ಹರಿಶ್ಚಂದ್ರಗಡ ಅಭಯಾರಣ್ಯದೊಳಗೆ. ಪುಣೆಯಿಂದ ಸಂಗಮನೇರ್, ಅಕೋಲೆ, ರಾಜೂರ್ ದಾಟಿ ಭಂಡಾರದರಾ ಜಲಾಶಯದ ಅಂಚಿನಲ್ಲಿ ಸಾಗಿದರೆ ಹೆಚ್ಚುಕಮ್ಮಿ 200 ಕಿಲೋಮೀಟರ್. ಒಂದು ಬದಿಗೆ ರತನಗಡ, ಇನ್ನೊಂದು ಬದಿಗೆ ಅಲಂಗ್, ಮದನ್, ಕುಲಂಗ್ ಕೋಟೆಗಳು, ಎದುರಿಗೆ ಆಜೋಬಾ ಶಿಖರ. ದಖ್ಖನ್ನಿನ ಬಸಾಲ್ಟ್ ಕಲ್ಲನ್ನು ಮಳೆನೀರು ಕೊರೆದು ಮಾಡಿದ ಸೀಳು ಇದು. ಆಳ 200ರಿಂದ 300 ಅಡಿ, ಉದ್ದ ಒಂದು ಕಿಲೋಮೀಟರಿಗಿಂತ ಹೆಚ್ಚು. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಒಳಗೆ ನೀರಿನ ಎರಡು ಮಡುಗಳು, ಆಮೇಲೆ ಮನೆ ಗಾತ್ರದ ಬಂಡೆಗಳ ರಾಶಿ, ಅದರ ಕೊನೆಗೆ ಹಗ್ಗದಲ್ಲಿ ಇಳಿಯಬೇಕಾದ ಸುಮಾರು 45 ಅಡಿಯ ಕಡಿದಾದ ಜಾಗ. ಅದರ ಕೆಳಗೆ ಇನ್ನೂ ಒಂದೆರಡು ಸಣ್ಣ ಇಳಿತಗಳಿವೆ. ಅಲ್ಲಿಂದ ಮುಂದೆ ಕೊಂಕಣದ ಕಡೆಗೆ ನಡೆದು ಶಹಾಪುರ ತಾಲೂಕಿನ ಡೇಹಣೆ ಊರು ಸೇರಬೇಕು, ಇಲ್ಲವೇ ಕರೋಲಿ ಘಾಟ್ ಹತ್ತಿ ಮತ್ತೆ ಸಾಮ್ರದ್‌ಗೆ ಬರಬೇಕು.

ಕುಮಾರಪರ್ವತ ಹತ್ತಿದ ಕನ್ನಡಿಗರಿಗೆ ಬೆಟ್ಟದ ಸ್ವಭಾವ ಗೊತ್ತು. ಕುಕ್ಕೆಯಿಂದ ಹೊರಟು ಗಿರಿಗದ್ದೆ ತಲುಪುವಷ್ಟರಲ್ಲಿ ಉಸಿರು ಬಾಯಿಗೆ ಬಂದಿರುತ್ತದೆ. ಆಗದವರು ಅಲ್ಲೇ ಊಟ ಮಾಡಿ ಹಿಂತಿರುಗುತ್ತಾರೆ. ಬೆಟ್ಟ ತನ್ನ ಕಷ್ಟವನ್ನು ಮೊದಲೇ ತೋರಿಸಿ, ಆಗದವರನ್ನು ತಾನೇ ವಾಪಸ್ ಕಳಿಸುತ್ತದೆ. ಕಮರಿ ಹಾಗಲ್ಲ. ಬೆಳಗಿನ ತಂಪು, ಇಳಿಜಾರು, ನೆರಳು, ಫೋಟೋ ಎಲ್ಲ ಮೊದಲ ಅರ್ಧದಲ್ಲೇ ಮುಗಿಯುತ್ತವೆ. ಕಾಲು ಸೋತು, ಬಾಟಲಿ ಖಾಲಿಯಾಗಿ, ಬಿಸಿಲು ನೆತ್ತಿಗೇರಿದ ಮೇಲೆ ನಿಜವಾದ ದಾರಿ ಶುರು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ, ಮೇಲಿನಿಂದ ನದಿಗಿಳಿದು ಅದೇ ದಿನ ವಾಪಸ್ ಹತ್ತುವ ಪ್ರಯತ್ನ ಬೇಡ ಎಂದು ಉದ್ಯಾನದವರು ಫಲಕ ಹಾಕಿರುವುದೂ ಇದೇ ಕಾರಣಕ್ಕೆ. ಸಾಂಧಣದಲ್ಲಿ ಇನ್ನೂ ಒಂದು ತೊಡಕಿದೆ. ಕೊನೆಯವನು ಇಳಿದು ಹಗ್ಗ ಎಳೆದುಕೊಂಡ ಮೇಲೆ ಬಂದ ದಾರಿಯಲ್ಲಿ ಹಿಂತಿರುಗುವಂತಿಲ್ಲ. ಹಾಗಾಗಿ ‘ಆಗುತ್ತದೋ ಇಲ್ಲವೋ ಅಲ್ಲೇ ನೋಡೋಣ’ ಎನ್ನುವ ನಮ್ಮ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ತಯಾರಿಗೆ ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಕೊಂಢವಾದಲ್ಲಿ ಇದಕ್ಕೆ ಸಲಕರಣೆಯ ಕೊರತೆಯಿಲ್ಲ. ಎನ್‌ಐಬಿಎಂ ರಸ್ತೆಯಿಂದ ಯೇವಲೇವಾಡಿಯವರೆಗೆ ಎಲ್ಲೆಲ್ಲೂ ಹತ್ತು ಹನ್ನೆರಡು ಮಹಡಿಯ ಕಟ್ಟಡಗಳು. ವ್ಯಾಯಾಮಕ್ಕೆಂದು ಮೆಟ್ಟಿಲು ಹತ್ತುವವರು ಇಳಿಯಲು ಲಿಫ್ಟ್ ಹಿಡಿಯುವುದುಂಟು. ಸಾಂಧಣಕ್ಕೆ ಹೊರಟವರು ಕೆಲವು ದಿನವಾದರೂ ಇದನ್ನು ತಿರುಗಿಸಬೇಕು: ಲಿಫ್ಟಿನಲ್ಲಿ ಮೇಲೆ ಹೋಗಿ, ಬೆನ್ನಿಗೆ ನೀರು ತುಂಬಿದ ಚೀಲ ಹಾಕಿಕೊಂಡು ಮೆಟ್ಟಿಲಲ್ಲಿ ನಿಧಾನವಾಗಿ ಇಳಿಯಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ. ಹತ್ತುವಾಗಿನದಕ್ಕಿಂತ ಇದು ಬೇರೆ ಕೆಲಸ. ಎರಡು ದಿನ ಕಾಲು ಹಿಡಿದುಕೊಂಡು ಕುರ್ಚಿಯಲ್ಲಿ ಕೂರಲೂ ಆಗದ ನೋವು ಬರುವುದು ಇದರಿಂದಲೇ. ಒಮ್ಮೆ ಈ ನೋವು ಉಂಡ ಸ್ನಾಯುವಿಗೆ ಮುಂದಿನ ಕೆಲವು ವಾರ ಅದೇ ಕೆಲಸ ಅಷ್ಟು ಕಾಡುವುದಿಲ್ಲ. ಆದ್ದರಿಂದ ಮೊದಲ ನೋವನ್ನು ಮನೆಯ ಮೆಟ್ಟಿಲಲ್ಲೇ ಅನುಭವಿಸುವುದು ಲಾಭ.

ವಾರಾಂತ್ಯಕ್ಕೆ ಪರ್ವತಿಯ 103 ಮೆಟ್ಟಿಲು ಒಳ್ಳೆಯ ಆರಂಭ. ನಂತರ ಆತಕರವಾಡಿಯ ಕಡೆಯಿಂದ ಸಿಂಹಗಡ ಹತ್ತಿ, ಮೇಲೆ ಪಿಠಲೆ–ಭಾಕರಿ ಉಂಡು, ಜೀಪು ಹಿಡಿಯದೆ ಅದೇ ದಾರಿಯಲ್ಲಿ ಇಳಿಯಿರಿ. ಕೊನೆಯ ಪರೀಕ್ಷೆ ಕಾತ್ರಜ್–ಸಿಂಹಗಡ ನಡಿಗೆ. ಕಾತ್ರಜ್ ಹಳೆ ಸುರಂಗದ ಬಳಿ ಶುರುವಾಗಿ ಸಾಲು ಗುಡ್ಡಗಳನ್ನು ಹತ್ತಿಳಿಯುವ ಈ ದಾರಿಯಲ್ಲಿ ಗುಡ್ಡಗಳ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮುಗಿಸಿದ ಮಂಡಿಗೆ ಮಾತ್ರ ಲೆಕ್ಕ ಸರಿಯಾಗಿ ಗೊತ್ತಿರುತ್ತದೆ. ಗುಂಪಿನ ಜೊತೆ ಅದನ್ನು ಮುಗಿಸಿ ಮರುದಿನ ಮೆಟ್ಟಿಲಿಳಿಯಲು ಸಾಧ್ಯವಾದರೆ ಸಾಂಧಣಕ್ಕೆ ನಿಮ್ಮ ಕಾಲು ತಯಾರು. ರಕ್ತದೊತ್ತಡ, ಹೃದಯ, ಮಂಡಿಯ ತೊಂದರೆ ಇರುವವರು ಈ ಅಭ್ಯಾಸಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ಕುರ್ಚಿಯಲ್ಲೇ ಹದಿನೈದು ವರ್ಷ ಕಳೆದ ನಮ್ಮಂಥವರು ತೊಂದರೆ ಇಲ್ಲದಿದ್ದರೂ ಕಾಣುವುದು ಒಳ್ಳೆಯದು.

ಇನ್ನು ಹಗ್ಗದ ಲೆಕ್ಕ. ನಮ್ಮ ಕೆಲಸದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬರಿಗೆ ಸೊಂಟಪಟ್ಟಿ ಪರೀಕ್ಷಿಸಿ, ಹಗ್ಗಕ್ಕೆ ಸೇರಿಸಿ, ಧೈರ್ಯ ಹೇಳಿ ಇಳಿಸಲು ಆರು ನಿಮಿಷ ಹಿಡಿಯಿತು ಎನ್ನಿ. ಗುಂಪಿನಲ್ಲಿ ನಲವತ್ತು ಜನ, ಹಗ್ಗ ಒಂದೇ. ಅಲ್ಲಿಗೆ ನಾಲ್ಕು ಗಂಟೆ. ಅದಕ್ಕಿಂತ ಮೊದಲು ಬಂದ ಇನ್ನೊಂದು ಗುಂಪು ಮುಂದಿದ್ದರೆ? ಕೊನೆಯಲ್ಲಿ ನಿಂತವರು ಮಧ್ಯಾಹ್ನ ಮೂರಕ್ಕೆ ಇಳಿಯುತ್ತಾರೆ, ಕತ್ತಲಲ್ಲಿ ಬಂಡೆ ದಾಟುತ್ತಾರೆ. ಆದ್ದರಿಂದ ಹಣ ಕಟ್ಟುವ ಮೊದಲು ಸಂಘಟಕರನ್ನು ಕೇಳಬೇಕು. ಗುಂಪಿನಲ್ಲಿ ಎಷ್ಟು ಜನ? ಹಗ್ಗ ಎಷ್ಟು? ಇಳಿಯುವ ಹಗ್ಗದ ಜೊತೆ ಕೈತಪ್ಪಿದರೆ ಹಿಡಿಯುವ ಎರಡನೆಯ ಹಗ್ಗ ಇದೆಯೇ? ಬಂಡೆಗೆ ಬಿಗಿದ ಆಸರೆಯನ್ನು ಯಾರು, ಯಾವಾಗ ಪರೀಕ್ಷಿಸಿದರು? ತಂಡದ ಮುಖ್ಯಸ್ಥರ ತರಬೇತಿ ಎಲ್ಲಿಯದು? ಎಷ್ಟು ಗಂಟೆಯ ಮೇಲೆ ಯಾರನ್ನೂ ಇಳಿಸುವುದಿಲ್ಲ? ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಸಾಹಸ ಪ್ರವಾಸೋದ್ಯಮ ನೀತಿ ತಂದಿದೆ. ಅದರಡಿ ನೋಂದಣಿ ಇದೆಯೇ, ವಿಮೆ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಬಸ್ಸಿನ ಎಸಿ ಬಗ್ಗೆ ಹತ್ತು ಪ್ರಶ್ನೆ ಕೇಳುವ ನಾವು ಹಗ್ಗದ ಬಗ್ಗೆ ಒಂದನ್ನೂ ಕೇಳದಿರುವುದು ನನಗೆ ಅರ್ಥವಾಗದ ವಿಷಯ. ಉತ್ತರ ಕೊಡಲು ಬೇಸರಪಡುವ ಸಂಘಟಕರ ಜೊತೆ ಹೋಗಬೇಡಿ.

ಮಳೆಗಾಲದಲ್ಲಿ ಇಲ್ಲಿಗೆ ಇಳಿಯುವ ಮಾತೇ ಇಲ್ಲ, ಈ ಸೀಳು ಆಗ ನೀರಿನ ದಾರಿ. ಮಳೆ ನಿಂತ ಮೇಲೂ ಮಡುಗಳು ತಗ್ಗಲು ವಾರಗಳು ಬೇಕು, ಹಾಗಾಗಿ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಹೆಚ್ಚು ಹಿತ. ಆದರೆ ಚಳಿಗಾಲದಲ್ಲೂ ಅಕಾಲಿಕ ಮಳೆ ಬರುವುದುಂಟು, ಏಪ್ರಿಲ್–ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಇದ್ದದ್ದೇ. ಕಮರಿಯೊಳಗೆ ನಿಂತವರಿಗೆ ಗೆರೆಯಷ್ಟು ಆಕಾಶ ಮಾತ್ರ ಕಾಣುವುದರಿಂದ, ಮೇಲಿನ ಬಯಲಲ್ಲಿ ಸುರಿದ ಮಳೆ ತಿಳಿಯುವುದು ನೀರು ಬಂದ ಮೇಲೆಯೇ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟೆಯ ಹಿಂದಿನ ಜಲಪಾತದಲ್ಲಿ ಪುಣೆಯ ಹಡಪಸರ್ ಕಡೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದದ್ದು ನೆನಪಿರಬಹುದು. ಅದು ಎಲ್ಲ ಕಡೆಯೂ ತೆರೆದಿದ್ದ ಜಾಗ. ಇಲ್ಲಿ ಎರಡೂ ಬದಿಗೆ ಗೋಡೆ. ಹವಾಮಾನ ಇಲಾಖೆಯ ಮುನ್ಸೂಚನೆ ನೋಡುವಾಗ ಪುಣೆಯದನ್ನಲ್ಲ, ಅಹಿಲ್ಯಾನಗರ, ನಾಸಿಕ, ಠಾಣೆ ಮೂರೂ ಜಿಲ್ಲೆಗಳದ್ದನ್ನು ನೋಡಿ. ಸಾಮ್ರದ್ ತಲುಪಿದ ಮೇಲೆ ಊರಿನವರನ್ನು ‘ಪಾಣಿ ಕಿತಿ ಆಹೆ?’ ಎಂದು ಕೇಳಿ. ದಿನವೂ ಒಳಗೆ ಹೋಗಿಬರುವ ಅವರ ಮಾತು ಮೊಬೈಲಿನ ಮೋಡದ ಚಿತ್ರಕ್ಕಿಂತ ನಂಬಬಹುದಾದದ್ದು. ಅಲ್ಲಿಯ ಮಹಾದೇವ ಕೋಳಿ ಜನರಲ್ಲಿ ದಾರಿ ತೋರಿಸುವವರು ಸಿಗುತ್ತಾರೆ. ಸ್ವಂತವಾಗಿ ಹೋಗುವವರೂ ಒಬ್ಬರನ್ನು ಜೊತೆಗೆ ಕರೆದುಕೊಳ್ಳಲೇಬೇಕು.

ಕುಡಿಯುವ ನೀರು ಒಬ್ಬರಿಗೆ ಮೂರರಿಂದ ನಾಲ್ಕು ಲೀಟರ್. ಭಾರವಾಯಿತೆಂದು ಕಡಿಮೆ ಮಾಡಬೇಡಿ. ಅದರ ಜೊತೆ ಉಪ್ಪೂ ಬೇಕು. ಬೆವರು ಸುರಿಸಿ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ತಲೆನೋವು, ವಾಕರಿಕೆ, ಗೊಂದಲ ಕಾಣಿಸಬಹುದು. ನೋಡಿದವರು ನೀರು ಸಾಲದೆಂದು ಇನ್ನಷ್ಟು ಕುಡಿಸುತ್ತಾರೆ, ಸ್ಥಿತಿ ಹದಗೆಡುತ್ತದೆ. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದಿದೆಯೋ ಅಷ್ಟಕ್ಕೇ ಕದಡಿ. ತಿನ್ನಲು ಉಪ್ಪು ಹಾಕಿದ ಶೇಂಗಾ, ಚಪಾತಿ–ಚಟ್ನಿಪುಡಿ, ಚಿಕ್ಕಿ ಸಾಕು. ನಮ್ಮ ಕಡೆಯ ಖಾರದ ಅವಲಕ್ಕಿ ಇದಕ್ಕೆಂದೇ ಹುಟ್ಟಿದಂತಿದೆ.

ಹಿಡಿತವಿರುವ ಹಳೆಯ ಬೂಟು ಹೊಸದಕ್ಕಿಂತ ಮೇಲು. ಹೊಸತು ಕೊಂಡರೆ ಸಿಂಹಗಡದಲ್ಲೇ ಪಳಗಿಸಿ. ಮಡು ದಾಟುವಾಗ ಸೊಂಟದವರೆಗೂ ನೆನೆಯಬಹುದು, ಆದ್ದರಿಂದ ಒಣ ಕಾಲುಚೀಲ, ಔಷಧಿ, ಮೊಬೈಲು ನೀರು ತಾಗದ ಚೀಲದಲ್ಲಿರಲಿ. ತಲೆಗೆ ಕಟ್ಟುವ ಟಾರ್ಚು ಬೆಳಗ್ಗೆಯೇ ಹೊರಟರೂ ಬೇಕು. ಒಂದು ಸೀಟಿ ಇರಲಿ, ಬಂಡೆಗಳ ನಡುವೆ ಕೂಗು ಸೋಲುತ್ತದೆ. ಉದ್ದ ಕೂದಲು, ದುಪಟ್ಟಾ, ಕ್ಯಾಮೆರಾ ಪಟ್ಟಿ ಹಗ್ಗದ ಸಾಧನಕ್ಕೆ ಸಿಲುಕದಂತೆ ಒಳಗೆ ಸೇರಿಸಿಕೊಳ್ಳಿ. ಗೋಡೆಯಲ್ಲಿ ಹೆಜ್ಜೇನು ಇರಬಹುದು. ಸುಗಂಧ, ಹೊಗೆ, ಗಲಾಟೆ ಮೂರೂ ಬೇಡ.

ಒಳಗೆ ಮೊಬೈಲ್ ಸಿಗ್ನಲ್ ಸಿಗುತ್ತದೆಂದು ನೆಚ್ಚಬೇಡಿ. ಹೊರಡುವ ಮೊದಲೇ ಮನೆಯಲ್ಲಿ ಒಬ್ಬರಿಗೆ ಬರೆದು ಕೊಡಿ: ಯಾರ ಜೊತೆ, ಯಾವ ಬಸ್ಸು, ಡೇಹಣೆಗೋ ಕರೋಲಿ ಘಾಟಿಗೋ, ಎಷ್ಟು ಗಂಟೆಯೊಳಗೆ ಕರೆ ಬರದಿದ್ದರೆ ಯಾರಿಗೆ ಹೇಳಬೇಕು. ತುರ್ತಿಗೆ 112 ಇದ್ದೇ ಇದೆ. ಮಹಾರಾಷ್ಟ್ರದಲ್ಲಿ ಗಿರಿಚಾರಣ ಸಂಘಗಳು ಸೇರಿ ನಡೆಸುವ ಸ್ವಯಂಸೇವಕ ರಕ್ಷಣಾ ಜಾಲವೂ ಇದೆ, ಅದರ ಸಂಖ್ಯೆಯನ್ನು ಮೊದಲೇ ಹುಡುಕಿ ಅದೇ ಚೀಟಿಯಲ್ಲಿ ಬರೆದಿಡಿ. ಊರಲ್ಲಿರುವ ಅಪ್ಪ–ಅಮ್ಮನಿಗೆ ‘ಸುಮ್ಮನೆ ಪಿಕ್ನಿಕ್’ ಎಂದಿದ್ದರೂ ಪರವಾಗಿಲ್ಲ, ಪುಣೆಯಲ್ಲಿ ಒಬ್ಬರಿಗಾದರೂ ನಿಜ ಗೊತ್ತಿರಲಿ.

ಎಲ್ಲ ತಯಾರಿ ಮಾಡಿಯೂ ಮಡುಗಳ ಆಚೆ, ಹಗ್ಗ ಕಟ್ಟುವ ಅಂಚಿನಲ್ಲಿ ನಿಂತಾಗ ಮನಸ್ಸು ಒಪ್ಪದೆ ಹೋಗಬಹುದು. ಕಾಲು ನಡುಗಬಹುದು, ಗಂಟೆ ಮೀರಿರಬಹುದು, ಜೊತೆಗಾರರೊಬ್ಬರ ಮುಖ ಬಿಳಿಚಿಕೊಂಡಿರಬಹುದು. ಅಲ್ಲಿಯವರೆಗೆ ಬಂದ ದಾರಿಯಲ್ಲೇ ಸಾಮ್ರದ್‌ಗೆ ನಡೆದು ಹೋಗಬಹುದು, ಬಹಳ ಜನ ಅಷ್ಟೇ ನೋಡಿ ಹಿಂತಿರುಗುತ್ತಾರೆ. ಕಮರಿಯ ಅತಿ ಇಕ್ಕಟ್ಟಾದ, ಅತಿ ಸುಂದರವಾದ ಭಾಗ ಅಷ್ಟರಲ್ಲಿ ಮುಗಿದಿರುತ್ತದೆ. ಹಿಂತಿರುಗುವವರ ಜೊತೆಗೆ ಯಾರು ಬರುತ್ತಾರೆ, ಬಸ್ಸು ಡೇಹಣೆಯಲ್ಲಿ ಕಾಯುತ್ತಿದ್ದರೆ ಇವರನ್ನು ಕರೆತರುವುದು ಹೇಗೆ ಎಂಬುದನ್ನು ಹಣ ಕಟ್ಟುವ ದಿನವೇ ಸಂಘಟಕರಿಂದ ತಿಳಿದುಕೊಳ್ಳಿ. ಹಗ್ಗದ ಮುಂದೆ ನಿಂತು ಆ ಮಾತು ತೆಗೆದರೆ ಹಿಂದೆ ಸಾಲಿನಲ್ಲಿರುವ ಮೂವತ್ತು ಜನ ‘ಚಲಾ, ಚಲಾ’ ಎನ್ನುತ್ತಿರುತ್ತಾರೆ.