ಕುದುರೆ ಎಣಿಸಿ ಲೋಡರ್ ಕೊಳ್ಳುವವರು

ತೋಟದ ಕೆಲಸಕ್ಕೆಂದು ಸಣ್ಣ ಟ್ರ್ಯಾಕ್ಟರ್ ನೋಡಲು ಹೋದವರ ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ?’ ಅದರ ಮುಂಭಾಗಕ್ಕೆ ಮಣ್ಣೆತ್ತುವ ಬಕೆಟ್ಟಿನ ಲೋಡರ್ ಬೇಕೆಂದರೆ ಎರಡನೆಯ ಪ್ರಶ್ನೆಯೂ ಅದೇ, ದನಿ ಮಾತ್ರ ಸ್ವಲ್ಪ ಜೋರು. ಎಚ್‌ಪಿ ಹೆಚ್ಚಿದ್ದರೆ ಲೋಡರ್ ಹೆಚ್ಚು ಎತ್ತುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. ಅದು ಚೆನ್ನೈಯಂಥ ಊರಲ್ಲೂ ಬದುಕಿರುವುದು ಸೋಜಿಗ. 1960ರಲ್ಲಿ ಹುಟ್ಟಿ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳಿಂದ ಹೆಸರಾದ ಟಾಫೆ ಕಂಪನಿ ಇಲ್ಲಿಯದು. ಕುಬೋಟಾ ಭಾರತಕ್ಕೆ ಬಂದು 2008ರಲ್ಲಿ ಕಚೇರಿ ತೆರೆದದ್ದೂ ಇಲ್ಲೇ. ಮಹೀಂದ್ರಾದ ಸಂಶೋಧನಾ ಕೇಂದ್ರ ಪಕ್ಕದ ಚೆಂಗಲ್ಪಟ್ಟಿನ ಹತ್ತಿರ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಕುದುರೆಶಕ್ತಿಯ ಅರ್ಥವನ್ನೇ ಒಮ್ಮೆ ನೋಡಿದರೆ ಸಾಕು. 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಒಂದು ಎಚ್‌ಪಿ. ಇದರಲ್ಲಿ ಸೆಕೆಂಡು ಇದೆ, ಅಂದರೆ ಇದು ವೇಗದ ಲೆಕ್ಕ. ಅವಸರವಿಲ್ಲದಿದ್ದರೆ ಒಂದೇ ಎಚ್‌ಪಿಯಲ್ಲಿ 750 ಕಿಲೋ ಕೂಡ ಸೆಕೆಂಡಿಗೆ ಹತ್ತು ಸೆಂಟಿಮೀಟರಿನಂತೆ ಏರುತ್ತದೆ. ಪಂಕ್ಚರ್ ಅಂಗಡಿಯ ಹುಡುಗ ಹೈಡ್ರಾಲಿಕ್ ಜಾಕ್ ಒತ್ತಿ ಲಾರಿಯ ಆಕ್ಸಲ್ ಎತ್ತುವಾಗ ಅವನ ತೋಳಲ್ಲಿ ಎಷ್ಟು ಕುದುರೆಗಳಿರುತ್ತವೆ? ಎತ್ತುವ ಬಲ ಬರುವುದು ಎಣ್ಣೆಯ ಒತ್ತಡ, ಸಿಲಿಂಡರಿನ ಅಗಲ ಮತ್ತು ತೋಳುಗಳ ಸನ್ನೆಯಿಂದ. 400 ಕಿಲೋವನ್ನು ಐದು ಸೆಕೆಂಡಿನಲ್ಲಿ ಎರಡೂವರೆ ಮೀಟರ್ ಏರಿಸಲು ಬೇಕಾದದ್ದು ಮೂರು ಎಚ್‌ಪಿಗೂ ಕಡಿಮೆ. ಸೋರಿಕೆ, ಘರ್ಷಣೆಗೆಂದು ದುಪ್ಪಟ್ಟು ಕೊಟ್ಟರೂ ಅತಿ ಸಣ್ಣ ಟ್ರ್ಯಾಕ್ಟರಿನ ಎಂಜಿನ್ ಬೆವರುವುದಿಲ್ಲ. ಕುಬೋಟಾದ ಬಿ2441ರಲ್ಲಿ 24 ಎಚ್‌ಪಿ, ಬಿ2741ರಲ್ಲಿ 27. ಎರಡರ ಎತ್ತುವ ಸಾಮರ್ಥ್ಯವೂ 750 ಕಿಲೋ ಎಂದೇ ಕಂಪನಿ ಬರೆದಿದೆ. ಮೂರು ಕುದುರೆ ಹೆಚ್ಚಾದರೂ ಭಾರ ಒಂದು ಕಿಲೋ ಕೂಡ ಹೆಚ್ಚಲಿಲ್ಲ.

ಆ 750 ಕೂಡ ಲೋಡರಿನ ಅಂಕಿಯಲ್ಲ. ನಮ್ಮ ಟ್ರ್ಯಾಕ್ಟರ್ ಕರಪತ್ರಗಳಲ್ಲಿ ಎತ್ತುವ ಸಾಮರ್ಥ್ಯ ಎಂದರೆ ಹಿಂದೆ ನೇಗಿಲು, ರೋಟಾವೇಟರ್ ಸಿಕ್ಕಿಸುವ ಮೂರು ಕೊಂಡಿಯ ಲಿಫ್ಟಿನದು. ಅದನ್ನು ಓದಿ ಮುಂದಿನ ಬಕೆಟ್ಟಿಗೆ 750 ಕಿಲೋ ಮರಳು ತುಂಬುವವರಿಗೆ ಏನನ್ನಬೇಕೋ! ಲೋಡರಿನದೇ ಬೇರೆ ಕರಪತ್ರ ಇದ್ದರೂ, ಅದರ ಅಂಕಿ ಬಕೆಟ್ ಸಿಕ್ಕಿಸುವ ಪಿನ್ನಿನ ಬಳಿ ಅಳೆದದ್ದೋ, ಅದರಿಂದ ಅರ್ಧ ಮೀಟರ್ ಮುಂದೆ ಅಳೆದದ್ದೋ, ನೆಲಮಟ್ಟದಲ್ಲೋ, ಪೂರ್ತಿ ಎತ್ತರದಲ್ಲೋ ಎಂದು ಕೇಳಬೇಕು. ಮಣ್ಣು ಪಿನ್ನಿನ ಮೇಲೆ ಕೂರುವುದಿಲ್ಲ, ಅದರ ಮುಂದೆ ಕೂರುತ್ತದೆ.

ನಿಜವಾದ ಮಿತಿ ಇರುವುದು ತೂಕದಲ್ಲಿ. 900 ಕಿಲೋ ಟ್ರ್ಯಾಕ್ಟರ್ ಎಂದುಕೊಳ್ಳಿ: ಮುಂದಿನ ಆಕ್ಸಲ್ ಮೇಲೆ 360, ಹಿಂದೆ 540, ಆಕ್ಸಲ್‌ಗಳ ನಡುವೆ 1.6 ಮೀಟರ್. ಮುಂದಿನ ಆಕ್ಸಲ್‌ನಿಂದ 1.3 ಮೀಟರ್ ಆಚೆ, ಬಕೆಟ್ಟಿನ ತೂಕವೂ ಸೇರಿ 400 ಕಿಲೋ ತೂಗಿದರೆ ಹಿಂದಿನ ಚಕ್ರಗಳ ಮೇಲೆ ಉಳಿಯುವುದು 215 ಕಿಲೋ, ಮುಂದಿನ ಆಕ್ಸಲ್ ಹೊರುವುದು 1,085. ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ನಾಲ್ಕು ಚಕ್ರದ ಡ್ರೈವ್ ಹಾಕಿದರಷ್ಟೇ ಆ ಬ್ರೇಕ್ ಮುಂದಿನ ಚಕ್ರಗಳಿಗೂ ತಲುಪುತ್ತದೆ. ಇನ್ನು ಇಳಿಜಾರಿನಲ್ಲಿ, ಬಕೆಟ್ ಮೇಲೆತ್ತಿಕೊಂಡು ಎರಡು ಚಕ್ರದ ಡ್ರೈವಿನಲ್ಲಿ ಹೊರಟವನ ಸ್ಥಿತಿ ಊಹಿಸಿ. ಹಿಂದೆ ಒಂದು ಮೀಟರ್ ಆಚೆ 250 ಕಿಲೋ ಪ್ರತಿಭಾರ ಕಟ್ಟಿದರೆ ಹಿಂದಿನ ಆಕ್ಸಲ್ ಮೇಲೆ 620 ಕಿಲೋ ಕೂರುತ್ತದೆ, ಮುಂದಿನದರ ಹೊರೆ 930ಕ್ಕೆ ಇಳಿಯುತ್ತದೆ. ಹಿಂದಿನ ಟೈರಿಗೆ ನೀರು ತುಂಬಿಸುವುದೂ ಒಳ್ಳೆಯದೇ. ಚಳಿ ದೇಶದವರು ಅದು ಹೆಪ್ಪುಗಟ್ಟದಂತೆ ಏನೇನೋ ಬೆರೆಸಬೇಕು, ನಮಗೆ ಬಾವಿ ನೀರು ಸಾಕು.

‘ಆದರೂ ದೊಡ್ಡ ಎಚ್‌ಪಿಯದು ಹೆಚ್ಚು ಎತ್ತುವುದನ್ನು ಕಣ್ಣಾರೆ ಕಂಡಿದ್ದೇವಲ್ಲ’ ಎನ್ನುತ್ತಾರೆ. ಕಂಡದ್ದು ಸುಳ್ಳಲ್ಲ, ಕಾರಣ ಬೇರೆ: ದೊಡ್ಡ ಎಂಜಿನ್ ಇರುವ ಟ್ರ್ಯಾಕ್ಟರಿಗೆ ಮೈಭಾರ ಹೆಚ್ಚು, ಆಕ್ಸಲ್ ದಪ್ಪ, ಪಂಪ್ ದೊಡ್ಡದು. ರಾಶಿಗೆ ನುಗ್ಗಲಾದರೂ ಎಚ್‌ಪಿ ಬೇಡವೇ ಎಂಬುದು ಇನ್ನೊಂದು ತಕರಾರು. ಮೊದಲ ಗೇರಿನಲ್ಲಿ ಮಣ್ಣಿಗೆ ನುಗ್ಗಿದಾಗ ಎಂಜಿನ್ ಸೋಲುವ ಮೊದಲೇ ಚಕ್ರ ಜಾರುತ್ತದೆ. ಅಲ್ಲಿಯೂ ಸಾಲದ್ದು ಹಿಡಿತ. ರೋಟಾವೇಟರ್ ತಿರುಗಿಸಲು ಎಚ್‌ಪಿ ಬೇಕು, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ದೊಡ್ಡ ಬಕೆಟ್ ಎಂದರೆ ದೊಡ್ಡ ಕೆಲಸವಲ್ಲ, ಒದ್ದೆ ಮರಳಿಗೆ ಅದು ಬರೀ ಆಪತ್ತು. ಸಣ್ಣ ಟ್ರ್ಯಾಕ್ಟರ್ ಜೆಸಿಬಿಯಲ್ಲ, ಗಟ್ಟಿ ನೆಲ ಅಗೆಯಲು ಹುಟ್ಟಿದ್ದಲ್ಲ. 2023ರ ಜನವರಿಯ ಹೊಗೆ ನಿಯಮ ಬಂದದ್ದು 50 ಎಚ್‌ಪಿ ಮೀರಿದವುಗಳಿಗೆ, ಹಾಗಾಗಿ ಆ ಹೆಸರಿನಲ್ಲಿ ಸಣ್ಣ ಟ್ರ್ಯಾಕ್ಟರಿಗೆ ಬೆಲೆ ಏರಿಸುವವರನ್ನು ನಂಬಬೇಕಿಲ್ಲ.

ಒಂದೇ ಅಂಕಿಯಲ್ಲಿ ವ್ಯಾಪಾರ ಮುಗಿಯಲಿ ಎಂಬ ಚಪಲ ಟ್ರ್ಯಾಕ್ಟರಿಗೆ ಮಾತ್ರ ಸೀಮಿತವಲ್ಲ. ಮಿಕ್ಸಿಗೆ ವ್ಯಾಟ್, ಫೋನಿಗೆ ಮೆಗಾಪಿಕ್ಸೆಲ್, ಶಾಲೆಗೆ ಶೇಕಡಾ ಫಲಿತಾಂಶ. ಮಾರುವವನಿಗೂ ಇದು ಸಲೀಸು: ಒಂದು ಅಂಕಿ ಕೂಗಿದರೆ ಗಿರಾಕಿ ತಲೆದೂಗುತ್ತಾನೆ. ಇದೇ ಗಿರಾಕಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದ. ಹಾಗೆ ನೋಡುವುದಾದರೆ ಷೋರೂಮಿನಲ್ಲಿ ಕೇಳಬೇಕಾದದ್ದು ಮೂರೇ: ಮುಂದಿನ ಆಕ್ಸಲ್ ಎಷ್ಟು ಭಾರ ತಡೆಯುತ್ತದೆ, ಪೂರ್ತಿ ಎತ್ತರದಲ್ಲಿ ಬಕೆಟ್ ಎಷ್ಟು ಹೊರುತ್ತದೆ, ಹಿಂದೆ ಎಷ್ಟು ಪ್ರತಿಭಾರ ಕಟ್ಟಬೇಕು. ಉತ್ತರವಾಗಿ ಮತ್ತೆ ಎಚ್‌ಪಿಯೇ ಬಂದರೆ, ಪಕ್ಕದ ಷೋರೂಮ್ ತೆರೆದಿರುತ್ತದೆ.