ತೆರೆಯ ಗತಿಯೂ ಗಣನೆಯ ಗತಿಯೂ

ಕೇಶ್ವಾಪುರದ ವೃತ್ತವೊಂದರ ವಾಹನಸಂಚಾರವನ್ನು ಗಣಕದ ತೆರೆಯ ಮೇಲೆ ತೋರಿಸುವ ಪ್ರೋಗ್ರಾಮೊಂದನ್ನು ವಿದ್ಯಾರ್ಥಿಯೊಬ್ಬನು ರಚಿಸಿರುವನೆಂದು ಭಾವಿಸೋಣ. ಬಸ್ಸು ಅಡ್ಡಲಾಗಿ ಸರಿಯುವಾಗ ಅದರ ಮೇಲ್ಭಾಗವೂ ಕೆಳಭಾಗವೂ ಸೀಳಿ ಬೇರೆಯಾದಂತೆ ತೋರುತ್ತವೆ. ದೋಷವು ಬಸ್ಸಿನ ಆಕೃತಿಯಲ್ಲಿಲ್ಲ. ಮಾನಿಟರು ಒಂದು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಮೂಡಿಸುತ್ತಿರುವಾಗಲೇ ಬಫರಿನಲ್ಲಿ ಮುಂದಿನ ಚಿತ್ರವು ಬಂದು ಕುಳಿತುದರ ಫಲವಿದು. ಒಂದು ಚಿತ್ರ ಮುಗಿದು ಇನ್ನೊಂದು ತೊಡಗುವ ಅಲ್ಪ ವಿರಾಮದಲ್ಲಿ ಮಾತ್ರ ಬಫರುಗಳನ್ನು ಬದಲಿಸುವ ವ್ಯವಸ್ಥೆಗೆ ವಿ-ಸಿಂಕ್ ಎಂದು ಹೆಸರು.

ಇದನ್ನು ಅಳವಡಿಸಿದೊಡನೆ ಸೀಳು ಮಾಯವಾಗುತ್ತದೆ. ಆದರೆ ಸೆಕೆಂಡಿಗೆ 55ರಷ್ಟಿದ್ದ ಫ್ರೇಮುಗಳು ಥಟ್ಟನೆ 30ಕ್ಕೆ ಇಳಿಯುವುದುಂಟು. ಗ್ರಾಫಿಕ್ಸ್ ಕಾರ್ಡು ಸಾಲದೆಂದು ಆಗ ತೀರ್ಮಾನಿಸುವುದು ಆತುರವೇ ಸರಿ. 60 ಹರ್ಟ್ಸಿನ ಮಾನಿಟರಿನಲ್ಲಿ ಒಂದು ಆವರ್ತಕ್ಕೆ 16.67 ಮಿಲಿಸೆಕೆಂಡು. ನಮ್ಮ ಚಿತ್ರಕ್ಕೆ 18 ಮಿಲಿಸೆಕೆಂಡು ಬೇಕಾದರೆ, ಎರಡೇ ಬಫರುಗಳಿರುವಲ್ಲಿ ಅದು ಎರಡನೆಯ ಆವರ್ತದ ಕೊನೆಯವರೆಗೆ, ಅಂದರೆ 33.3 ಮಿಲಿಸೆಕೆಂಡು, ಕಾಯಲೇಬೇಕು. ಒಂದೂವರೆ ಮಿಲಿಸೆಕೆಂಡಿನ ಕೆಲಸವನ್ನು ತಗ್ಗಿಸಿದರೆ ಮತ್ತೆ 60 ದೊರೆಯುತ್ತದೆ. ಮೂರನೆಯ ಬಫರೂ ನೆರವಾಗುವುದಾದರೂ, ಕೆಲವು ಚಿತ್ರಗಳು ಎರಡಾವರ್ತ ನಿಂತು ಚಲನೆ ಕುಂಟುವುದರಿಂದ ಮೊದಲು ಕೆಲಸವನ್ನು ತಗ್ಗಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಆದುದರಿಂದ ಅಳತೆಯನ್ನು ಫ್ರೇಮುಗಳ ಸಂಖ್ಯೆಯಲ್ಲಿ ಮಾಡದೆ ಮಿಲಿಸೆಕೆಂಡುಗಳಲ್ಲಿ, ಅದೂ ವಿ-ಸಿಂಕ್ ತೆಗೆದು ಮಾಡಬೇಕು. ಇಲ್ಲದಿದ್ದರೆ ಬಫರು ಬದಲಿಸುವ ಆಜ್ಞೆಯೇ ಬಹಳ ಹೊತ್ತು ತಿನ್ನುವಂತೆ ಕಾಣುತ್ತದೆ. ಅದು ಬರಿಯ ಕಾಯುವಿಕೆ. ಗ್ರಾಫಿಕ್ಸ್ ಕಾರ್ಡು ಆಜ್ಞೆಗಳನ್ನು ತನ್ನ ಸರದಿಯಲ್ಲಿ ಆಮೇಲೆ ನೆರವೇರಿಸುವುದರಿಂದ, ಅದರ ಶ್ರಮವನ್ನು ಅದರದೇ ಕಾಲಮಾಪಕದಿಂದ ಅಳೆಯತಕ್ಕದ್ದು. ವಿ-ಸಿಂಕ್ ತೆಗೆದರೂ ಸಂಖ್ಯೆ 60ರಲ್ಲಿಯೇ ನಿಂತಿದ್ದರೆ ಡ್ರೈವರಿನ ಸೆಟ್ಟಿಂಗನ್ನು ನೋಡಬೇಕು: ಪ್ರೋಗ್ರಾಮಿನದು ಕೋರಿಕೆ ಮಾತ್ರ, ಡ್ರೈವರು ಅದನ್ನು ತಳ್ಳಿಹಾಕಬಲ್ಲುದು.

ಇವೆಲ್ಲಕ್ಕಿಂತ ಅಪಾಯಕರವಾದುದು ಕಣ್ಣಿಗೆ ಬೀಳದ ದೋಷ. ಫ್ರೇಮಿಗೆ 10 ಸೆಂಟಿಮೀಟರಿನಂತೆ ಬಸ್ಸನ್ನು ಮುಂದೊತ್ತಿದರೆ ಅದರ ವೇಗ 60 ಹರ್ಟ್ಸಿನಲ್ಲಿ ಗಂಟೆಗೆ 21.6 ಕಿಲೋಮೀಟರು, 144 ಹರ್ಟ್ಸಿನ ಮಾನಿಟರಿನಲ್ಲಿ ಅದೇ ಬಸ್ಸು ಸುಮಾರು 52 ಕಿಲೋಮೀಟರು ಓಡುತ್ತದೆ. ವೃತ್ತದಲ್ಲಿ ವಾಹನಗಳ ಸಾಲು ಎಷ್ಟುದ್ದ ಬೆಳೆಯುವುದೆಂಬ ಲೆಕ್ಕವೆಲ್ಲ ಮಾನಿಟರಿನ ಪಾಲಾಗುತ್ತದೆ. ಚಿತ್ರವೇನೋ ನಯವಾಗಿಯೇ ಇರುವುದರಿಂದ ಪರೀಕ್ಷಕರಿಗೂ ಸಂದೇಹ ಬಾರದು. ಚಲನೆಯ ಗಣನೆಯನ್ನು ಸೆಕೆಂಡಿನ ನೂರನೆಯ ಒಂದು ಭಾಗದಂತಹ ನಿಯತ ಹೆಜ್ಜೆಗಳಲ್ಲಿ ನಡೆಸಿ, ಚಿತ್ರಿಸುವಾಗ ಕೊನೆಯ ಎರಡು ಹೆಜ್ಜೆಗಳ ನಡುವಣ ಸ್ಥಾನವನ್ನು ಅಂದಾಜಿಸಿಕೊಂಡರೆ, ಮಾನಿಟರು ಯಾವುದಾದರೂ ಬಸ್ಸಿನ ವೇಗ ಒಂದೇ ಆಗಿರುತ್ತದೆ.