ಜಾಕೆಟೋ, ಕಂಬಳಿಯೋ?

ಪ್ರಶ್ನೆ: ಕಡಲೆ ಹೊಲಕ್ಕೆ ಚಿಗರಿ, ಹಂದಿ ನುಗ್ಗುತ್ತವೆಂದು ರಾತ್ರಿ ಕಾಯುತ್ತೇವೆ. ಮಾಗಿ ಚಳಿಗೆ ಎಂಥ ಜಾಕೆಟ್ ತರಲಿ? – ಓದುಗರೊಬ್ಬರು, ಜಕ್ಕಲಿ

ಉತ್ತರ: ಮೈಶಾಖವನ್ನು ಹಿಡಿದಿಡುವುದು ಎಳೆಗಳ ನಡುವೆ ನಿಂತ ಗಾಳಿ. ಹಕ್ಕಿಪುಕ್ಕ ತುಂಬಿದ ದುಬಾರಿ ಜಾಕೆಟ್ ಇಬ್ಬನಿಗೆ ನೆನೆದರೆ ಮುದ್ದೆಗಟ್ಟಿ ಆ ಗಾಳಿ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ತುಂಬಿದ್ದು ನೆನೆದರೂ ಅಷ್ಟು ಕುಗ್ಗದು, ಬೇಗ ಒಣಗುತ್ತದೆ. ಆದರೆ ಬೆಂಕಿ ಕಾಯಿಸಿಕೊಳ್ಳುವಾಗ ಒಂದು ಕಿಡಿ ಸಿಡಿದರೆ ತೂತು ಬಿತ್ತೆಂದೇ ಲೆಕ್ಕ! ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳದು, ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿದರೂ ಬೆಚ್ಚಗಿರುತ್ತದೆ. ದಖನಿ ಕುರಿಯ ಉಣ್ಣೆಯ, ಹುಣಸೆ ಬೀಜದ ಗಂಜಿ ಹಾಕಿದ ಕರಿ ಕಂಬಳಿ ಬೀಸುಗಾಳಿಯನ್ನೂ ತಡೆಯುತ್ತದೆ. ಚುಚ್ಚುತ್ತದೆ, ನಿಜ. ಹಾಗಾಗಿ ಒಳಗೆ ಸಾದಾ ಸ್ವೆಟರ್, ಮೇಲೆ ಕಂಬಳಿ ಕೊಪ್ಪೆ ಇರಲಿ. ಅಂದಹಾಗೆ, ಚಿಗರಿಯನ್ನು ಓಡಿಸಿದರೆ ಸಾಕು. ಅದರ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.